ನೋಡಿ ಕಲಿಯುವ ಫಿಸಿಯೋಥೆರಪಿ: ಪಾರ್ಶ್ವವಾಯು ಪುನಶ್ಚೇತನ ಕೇಂದ್ರವೊಂದರ ಸೇವೆಯ ವಿಮರ್ಶೆ

ನನ್ನ ಅಕ್ಕನಿಗೆ ಪಾರ್ಶ್ವವಾಯುವಾಗಿ ಬಲಗೈ, ಬಲಗಾಲುಗಳ ಸ್ವಾಧೀನ ಕುಗ್ಗಿದ ಮೇಲೆ ಅವಳು ಹೋಗುತ್ತಿರುವ ಪುನಶ್ಚೇತನ ಕೇಂದ್ರದಲ್ಲಿ ವಾಡಿಕೆಯ ಫಿಸಿಯೋಥೆರಪಿಯ ಜೊತೆಗೆ ‘ವೀಕ್ಷಣಾ ಚಿಕಿತ್ಸೆ’ ಎಂಬ ಪ್ರತ್ಯೇಕ ಅವಧಿಯನ್ನೂ ನಡೆಸುತ್ತಾರೆ. ಒಂದು ಕೆಲಸವನ್ನು ಬೇರೊಬ್ಬರು ಮಾಡುವುದನ್ನು ರೋಗಿ ಮೊದಲು ಪರದೆಯ ಮೇಲೆ ಅಥವಾ ಎದುರಿಗೇ ಗಮನವಿಟ್ಟು ನೋಡಬೇಕು. ನೋಡಿದ ಕೂಡಲೇ ತನ್ನ ದುರ್ಬಲ ಕೈಯಿಂದ ಅದನ್ನೇ ಮಾಡಲು ಪ್ರಯತ್ನಿಸಬೇಕು. ಕೇಳಲು ಇಷ್ಟು ಸರಳವಾಗಿರುವ ಈ ಸೇವೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನೋಡುವುದನ್ನೂ ವ್ಯಾಯಾಮವೆಂದೇ ತಿಳಿದು, ಕೆಲಸವನ್ನು ಬಿಡಿಸಿ ತೋರಿಸಿ, ತಕ್ಷಣ ಮಾಡಿಸುವ ಥೆರಪಿಸ್ಟ್ ಪಕ್ಕದಲ್ಲಿದ್ದರೆ ಈ ಅವಧಿಯಿಂದ ನಿಜವಾದ ಪ್ರಯೋಜನವಿದೆ. ವೀಡಿಯೊ ಹಾಕಿ ರೋಗಿಯನ್ನು ಅದರ ಮುಂದೆ ಕೂರಿಸಿ ಹೋದರೆ ಅದು ಟಿವಿ ನೋಡಿದಷ್ಟೇ ಆಗುತ್ತದೆ. ಇದೇ ಕೇಂದ್ರದಲ್ಲಿ ನಾನು ಎರಡನ್ನೂ ಕಂಡಿದ್ದೇನೆ.

ಒಳ್ಳೆಯ ಅವಧಿಯೊಂದು ಹೇಗೆ ಸಾಗುತ್ತದೆ ಎಂಬುದನ್ನು ವಿವರಿಸುತ್ತೇನೆ. ಅಕ್ಕನನ್ನು ಬೆನ್ನಿಗೆ ಆಧಾರವಿರುವ ಕುರ್ಚಿಯಲ್ಲಿ ಕೂರಿಸಿ, ಎರಡೂ ಮುಂಗೈಗಳನ್ನು ಮೇಜಿನ ಮೇಲೆ ಇರಿಸುತ್ತಾರೆ. ಪರದೆಯಲ್ಲಿ ಒಂದು ಕೈ ಲೋಟದ ಕಡೆಗೆ ಚಾಚುತ್ತದೆ. ಅಷ್ಟೇ, ಹಿಡಿಯುವುದನ್ನು ಇನ್ನೂ ತೋರಿಸುವುದಿಲ್ಲ. ಅದೇ ಚಲನೆ ಮತ್ತೆ ಮತ್ತೆ ಬರುತ್ತದೆ. “ಈಗ ಕೈ ಆಡಿಸಬೇಡಿ ಅಮ್ಮಾ, ಬರೀ ನೋಡಿ. ಹೆಬ್ಬೆರಳು ಯಾವಾಗ ತೆರೆದುಕೊಳ್ಳುತ್ತದೆ ನೋಡಿ,” ಎಂದು ಥೆರಪಿಸ್ಟ್ ಹೇಳುತ್ತಾರೆ. ಸ್ವಲ್ಪ ಹೊತ್ತಿನ ನಂತರ ಪರದೆಯನ್ನು ನಿಲ್ಲಿಸಿ, ಅಂಥದೇ ಲೋಟವನ್ನು ಅಕ್ಕನ ಮುಂದಿಟ್ಟು, ಕೈ ಚಾಚುವ ಆ ಭಾಗವನ್ನು ಮಾತ್ರ ಮಾಡಿಸುತ್ತಾರೆ. ಅದಾದ ಮೇಲೆ ಹಿಡಿಯುವ ಭಾಗ, ಕೊನೆಗೆ ಎತ್ತಿ ಬಾಯಿಯ ಬಳಿ ತರುವ ಭಾಗ. ಪ್ರತಿಯೊಂದನ್ನೂ ಮೊದಲು ನೋಡಬೇಕು, ಆಮೇಲೆ ಮಾಡಬೇಕು.

ಈ ಕ್ರಮ ಕೇಂದ್ರದವರು ತಮಗೆ ತೋಚಿದಂತೆ ಕಟ್ಟಿಕೊಂಡದ್ದಲ್ಲ. ಇಟಲಿಯ ಹಲವು ಚಿಕಿತ್ಸಾ ಕೇಂದ್ರಗಳು ಒಟ್ಟಾಗಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ದಿನಬಳಕೆಯ 20 ಕೆಲಸಗಳನ್ನು ಆರಿಸಿ, ಪ್ರತಿಯೊಂದನ್ನೂ ಮೂರು ಹಂತಗಳಾಗಿ ಒಡೆದು, ಒಂದೊಂದು ಹಂತವನ್ನು 3 ನಿಮಿಷ ನೋಡಿ 2 ನಿಮಿಷ ಮಾಡುವ ಪದ್ಧತಿಯನ್ನು ಬಳಸಲಾಗಿತ್ತು. ಹೋಲಿಕೆಗಾಗಿ ಇಟ್ಟುಕೊಂಡ ಗುಂಪಿನವರು ಚಲನೆಯಿಲ್ಲದ ಚಿತ್ರಗಳನ್ನು ನೋಡಿ ಅಷ್ಟೇ ಹೊತ್ತು ಕೈಗೆ ವ್ಯಾಯಾಮ ಮಾಡಿದ್ದರು. ಹೀಗಾಗಿ ವ್ಯಾಯಾಮದಿಂದ ಬರುವ ಲಾಭ ಯಾವುದು, ಚಲನೆಯನ್ನು ನೋಡುವುದರಿಂದ ಬರುವ ಲಾಭ ಯಾವುದು ಎಂದು ಬೇರ್ಪಡಿಸಿ ನೋಡಲು ಸಾಧ್ಯವಾಯಿತು. ನಮ್ಮ ಕೇಂದ್ರದ ಥೆರಪಿಸ್ಟ್ ಇದೇ ಅಳತೆಯನ್ನು ಹೆಚ್ಚು ಕಡಿಮೆ ಅನುಸರಿಸುತ್ತಾರೆ. ನೋಡುವ ಹೊತ್ತು ಮಾಡುವ ಹೊತ್ತಿಗಿಂತ ಹೆಚ್ಚಾಗಿರುವುದು ಮೊದಮೊದಲು ಮನೆಯವರಿಗೆ ಕಾಲಹರಣವೆಂದು ತೋರಬಹುದು. ಆದರೆ ಬಿಗಿತ ತುಂಬಿದ ಕೈ ಎರಡು ನಿಮಿಷದ ಪ್ರಯತ್ನಕ್ಕೇ ದಣಿಯುತ್ತದೆ. ಅದು ವಿಶ್ರಾಂತಿ ಪಡೆಯುವ ಹೊತ್ತನ್ನು ಮುಂದಿನ ಪ್ರಯತ್ನದ ತಯಾರಿಗೆ ಬಳಸಿಕೊಳ್ಳುವುದು ಬಹಳ ಜಾಣ ಏರ್ಪಾಡು ಎಂದು ನನಗೆ ಅನ್ನಿಸಿದೆ.

ನೋಡುವುದರಿಂದ ಕೈಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಕೇಂದ್ರದವರು ಕೊಡುವ ಉತ್ತರ ಇಟಲಿಯ ಪಾರ್ಮಾ ವಿಶ್ವವಿದ್ಯಾಲಯದಿಂದ ಶುರುವಾಗುತ್ತದೆ. ಜಾಕೊಮೊ ರಿಝೊಲಾಟಿ ಮತ್ತು ಅವರ ಸಹೋದ್ಯೋಗಿಗಳು ಮಕಾಕ್ ಕೋತಿಗಳ ಮೆದುಳಿನ ಚಲನ ಸಿದ್ಧತೆಯ ಭಾಗದಲ್ಲಿ ವಿಶೇಷ ನರಕೋಶಗಳನ್ನು ಕಂಡು, 1992ರಲ್ಲಿ ಅವುಗಳ ಬಗ್ಗೆ ಮೊದಲ ವರದಿ ಪ್ರಕಟಿಸಿದರು. ಕೋತಿ ತಾನೇ ಒಂದು ವಸ್ತುವನ್ನು ಎತ್ತಿಕೊಂಡಾಗಲೂ, ಎದುರಿಗಿದ್ದ ಮನುಷ್ಯ ಅದನ್ನೇ ಎತ್ತಿಕೊಳ್ಳುವುದನ್ನು ಕೋತಿ ನೋಡಿದಾಗಲೂ ಆ ನರಕೋಶಗಳು ಚುರುಕಾಗುತ್ತಿದ್ದವು. ಅವುಗಳಿಗೆ ‘ಮಿರರ್ ನ್ಯೂರಾನ್’ ಎಂಬ ಹೆಸರು ಆಮೇಲೆ ಬಂತು. ಮನುಷ್ಯರಲ್ಲಿ ಇವುಗಳ ಪಾತ್ರ ಎಷ್ಟು ದೊಡ್ಡದು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ವಾದವಿದೆ. ಆದರೆ ಬೇರೆಯವರ ಚಲನೆಯನ್ನು ನೋಡುವಾಗ ನಮ್ಮ ಮೆದುಳಿನಲ್ಲಿ ಚಲನೆಗೆ ಸಂಬಂಧಿಸಿದ ಭಾಗಗಳೂ ಕೆಲಸಕ್ಕೆ ತೊಡಗುತ್ತವೆ ಎಂಬುದು ಸ್ಕ್ಯಾನ್‌ಗಳಲ್ಲಿ ಪದೇ ಪದೇ ಕಂಡಿರುವ ಸಂಗತಿ. ಪಾರ್ಶ್ವವಾಯುವಾದವರಲ್ಲಿ ಇದನ್ನು ಚಿಕಿತ್ಸೆಯಾಗಿ ಬಳಸಿದ ಮೊದಲ ಅಧ್ಯಯನಗಳಲ್ಲಿ ಒಂದು 2007ರಲ್ಲಿ ಬಂದಿತು. ಅದರಲ್ಲಿದ್ದವರು ಬೆರಳೆಣಿಕೆಯಷ್ಟು ರೋಗಿಗಳು. 2022ರ ಹೊತ್ತಿಗೆ ಕೊಕ್ರೇನ್ ಸಂಸ್ಥೆಯ ಪರಾಮರ್ಶೆ 16 ಪ್ರಯೋಗಗಳನ್ನು, ಒಟ್ಟು 574 ಮಂದಿಯ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿತು. ತೋಳು ಮತ್ತು ಕೈಯ ಬಳಕೆಯಲ್ಲಿ ಲಾಭವಿದೆ, ತೋಳಿನ ಮಟ್ಟಿಗೆ ಆ ಲಾಭ ಚಿಕ್ಕದು, ಪುರಾವೆಯ ಗುಣಮಟ್ಟವೂ ಇನ್ನೂ ಗಟ್ಟಿಯಾಗಿಲ್ಲ ಎಂಬುದು ಅದರ ಸಾರ.

ಈ ಕೊನೆಯ ಮಾತನ್ನು ನಮ್ಮ ಕೇಂದ್ರದ ಹಿರಿಯ ಥೆರಪಿಸ್ಟ್ ಮೊದಲ ಭೇಟಿಯಲ್ಲೇ ನಮ್ಮ ಮುಂದೆ ಇಟ್ಟರು. ವೀಕ್ಷಣೆ ವ್ಯಾಯಾಮಕ್ಕೆ ಬದಲಿಯಲ್ಲ, ಅದಕ್ಕೆ ಜೊತೆ ಎಂದು ಸ್ಪಷ್ಟವಾಗಿ ಹೇಳಿದರು. ಕೈ ಮೊದಲಿನಂತೆ ಆಗಿಬಿಡುತ್ತದೆ ಎಂದು ಭರವಸೆ ಕೊಡುವವರ ನಡುವೆ ಇಂಥ ಪ್ರಾಮಾಣಿಕತೆ ಸಿಗುವುದು ದೊಡ್ಡದು. ಈ ಸೇವೆಯ ಬಗ್ಗೆ ನನಗೆ ನಂಬಿಕೆ ಹುಟ್ಟಿದ್ದು ಆ ಮಾತಿನಿಂದಲೇ.

ಅಕ್ಕನ ವಿಷಯದಲ್ಲಿ ಈ ಪದ್ಧತಿಯ ನಿಜವಾದ ಬೆಲೆ ಗೊತ್ತಾಗಿದ್ದು ಮಾತಿನ ಕಾರಣದಿಂದ. ದೇಹದ ಬಲಭಾಗಕ್ಕೆ ಪಾರ್ಶ್ವವಾಯು ಬಡಿದಿದೆ ಎಂದರೆ ಸಾಮಾನ್ಯವಾಗಿ ಪೆಟ್ಟು ಬಿದ್ದಿರುವುದು ಮೆದುಳಿನ ಎಡಭಾಗಕ್ಕೆ. ಹೆಚ್ಚಿನವರಲ್ಲಿ ಭಾಷೆಯ ಕೇಂದ್ರಗಳಿರುವುದೂ ಅಲ್ಲೇ. ಅಕ್ಕನಿಗೆ ಉದ್ದದ ವಾಕ್ಯಗಳು ಅರ್ಥವಾಗುವುದು ನಿಧಾನವಾಗಿತ್ತು. “ಭುಜ ಎತ್ತದೆ ಮೊಣಕೈಯನ್ನು ಮುಂದಕ್ಕೆ ಚಾಚಿ, ಮಣಿಕಟ್ಟನ್ನು ಮೇಲಕ್ಕೆತ್ತಿ, ಆಮೇಲೆ ಬೆರಳು ಬಿಡಿಸಿ” ಎಂದು ವಾಡಿಕೆಯ ಅವಧಿಯಲ್ಲಿ ಹೇಳಿದಾಗ ಅವಳು ಮಾತಿನ ಮೊದಲ ತುಂಡನ್ನು ಹಿಡಿಯುವಷ್ಟರಲ್ಲಿ ಉಳಿದದ್ದು ಜಾರಿಹೋಗುತ್ತಿತ್ತು. ಮುಖದಲ್ಲಿ ಗಾಬರಿ, ಭುಜದಲ್ಲಿ ಬಿಗಿತ ಎರಡೂ ಹೆಚ್ಚುತ್ತಿದ್ದವು. ಅದೇ ಚಲನೆಯನ್ನು ತೋರಿಸಿದಾಗ ಈ ತೊಡಕು ಬಹುಮಟ್ಟಿಗೆ ಇಲ್ಲವಾಯಿತು. ಮಾತಿನ ತೊಂದರೆ ಇರುವವರಿಗೆ ಫಿಸಿಯೋಥೆರಪಿಯನ್ನು ಹೇಗೆ ತಲುಪಿಸುವುದು ಎಂಬ ಪ್ರಶ್ನೆಗೆ ಈ ಅವಧಿ ಕೊಡುವ ಉತ್ತರ, ನನ್ನ ದೃಷ್ಟಿಯಲ್ಲಿ, ಅದರ ಅತಿ ದೊಡ್ಡ ಗುಣ.

ಹಾಗೆಂದು ಎಡಭಾಗದ ಮೆದುಳಿಗೆ ಪೆಟ್ಟಾದ ಎಲ್ಲರಿಗೂ ಇದು ಸುಲಭವಾಗುವುದಿಲ್ಲ. ಕೆಲವರಲ್ಲಿ ಸ್ನಾಯುಗಳಿಗೆ ಶಕ್ತಿಯಿದ್ದರೂ ಕಂಡದ್ದನ್ನು ಅನುಕರಿಸುವ, ಕೆಲಸದ ಹೆಜ್ಜೆಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸುವ ಸಾಮರ್ಥ್ಯವೇ ಕುಂದಿರುತ್ತದೆ. ವೈದ್ಯರು ಇದನ್ನು ಅಪ್ರಾಕ್ಸಿಯಾ ಎನ್ನುತ್ತಾರೆ. ಅಂಥವರನ್ನು ವೀಡಿಯೊದ ಮುಂದೆ ಕೂರಿಸಿ “ಹಾಗೇ ಮಾಡಿ” ಎಂದರೆ ಸೋಲು ಕಟ್ಟಿಟ್ಟ ಬುತ್ತಿ. ನಮ್ಮ ಕೇಂದ್ರದಲ್ಲಿ ಮೊದಲ ದಿನವೇ ಕೆಲವು ಸರಳ ಸನ್ನೆಗಳನ್ನು ಮಾಡಿ ತೋರಿಸಿ ಅನುಕರಿಸಲು ಹೇಳಿ, ಇದನ್ನು ಪರೀಕ್ಷಿಸಿದ ನಂತರವೇ ಅಕ್ಕನನ್ನು ಈ ಅವಧಿಗೆ ಸೇರಿಸಿಕೊಂಡರು.

ಯಾವ ಕೆಲಸವನ್ನು ತೋರಿಸಬೇಕು ಎಂಬ ಆಯ್ಕೆಯಲ್ಲಿ ಕೇಂದ್ರ ಆರಂಭದಲ್ಲಿ ಎಡವಿತು, ಆಮೇಲೆ ಚೆನ್ನಾಗಿ ತಿದ್ದಿಕೊಂಡಿತು. ಮೊದಲ ಕೆಲವು ಅವಧಿಗಳಲ್ಲಿ ಎಲ್ಲರಿಗೂ ಒಂದೇ ವೀಡಿಯೊಗಳು: ಚೆಂಡನ್ನು ಹಿಡಿದು ಬಿಡುವುದು, ಮರದ ಗುಂಡುಗಳನ್ನು ಡಬ್ಬಿಗೆ ಹಾಕುವುದು. ಅಕ್ಕ ಅವುಗಳನ್ನು ವಿಧೇಯವಾಗಿ ನೋಡುತ್ತಿದ್ದಳು, ಆದರೆ ಅವಳ ಕಣ್ಣು ಬೇಗ ಬೇರೆಡೆಗೆ ಹೊರಳುತ್ತಿತ್ತು. ಅವಳು ಬದುಕಿನ ಬಹುಭಾಗ ಬಟ್ಟೆ ಹೊಲಿದವಳು ಎಂದು ನಾನು ಹೇಳಿದ ಮೇಲೆ ಥೆರಪಿಸ್ಟ್ ಒಂದು ತುಂಡು ಹತ್ತಿಬಟ್ಟೆ ತರಿಸಿ, ಅದನ್ನು ಮೇಜಿನ ಮೇಲೆ ಹರಡಿ ಅಂಗೈಯಿಂದ ಸುಕ್ಕು ತೆಗೆಯುವುದು, ಅಂಚು ಮಡಿಸುವುದು, ಮಡಿಕೆಯನ್ನು ಉಗುರಿನಿಂದ ಗೀರಿ ಕೂರಿಸುವುದು ಇವಿಷ್ಟನ್ನು ತಮ್ಮ ಕೈಯಿಂದಲೇ ಮಾಡಿ ತೋರಿಸಿದರು. ಅಂದು ಅಕ್ಕ ಮುಂದಕ್ಕೆ ಬಾಗಿ ನೋಡಿದಳು. ಥೆರಪಿಸ್ಟ್ ಅಂಚನ್ನು ಸ್ವಲ್ಪ ಸೊಟ್ಟಗೆ ಮಡಿಸಿದಾಗ ತಲೆ ಅಲ್ಲಾಡಿಸಿದಳು; ತನ್ನ ಸರದಿ ಬಂದಾಗ ಬಲ ಅಂಗೈಯನ್ನು ಬಟ್ಟೆಯ ಮೇಲೆ ಊರಿ, ಮೊಣಕೈ ಅಷ್ಟು ನೆಟ್ಟಗಾಗಿದ್ದನ್ನು ನಾನು ಹಿಂದೆ ಕಂಡಿರದಷ್ಟು ದೂರಕ್ಕೆ ತಳ್ಳಿದಳು. ಹೆಬ್ಬೆರಳು ಮಾತ್ರ ಅಂಗೈಯೊಳಗೇ ಮಡಿಸಿಕೊಂಡಿತ್ತು. ಮುಂದಿನ ಸುತ್ತಿನಲ್ಲಿ ಥೆರಪಿಸ್ಟ್ ಹೆಬ್ಬೆರಳನ್ನು ಹೊರಗೆ ಚಾಚಿಟ್ಟು ಸುಕ್ಕು ತೆಗೆಯುವುದನ್ನು ನಿಧಾನವಾಗಿ ತೋರಿಸಿದರು.

ಇದಕ್ಕೂ ಅಧ್ಯಯನದ ಬೆಂಬಲವಿದೆ. ಬ್ಯಾಲೆ ನರ್ತಕರಿಗೂ ಬ್ರೆಜಿಲ್‌ನ ಕಪೊಯೇರಾ ಕಲೆಯಲ್ಲಿ ಪಳಗಿದವರಿಗೂ ಎರಡೂ ಕಲೆಗಳ ವೀಡಿಯೊಗಳನ್ನು ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದ, 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಾವು ಸ್ವತಃ ಕಲಿತ ಚಲನೆಗಳನ್ನು ನೋಡುವಾಗ ಅವರ ಮೆದುಳಿನ ಚಲನೆಯ ಭಾಗಗಳು ಹೆಚ್ಚು ಚುರುಕಾಗಿದ್ದವು. ದೇಹಕ್ಕೆ ಗೊತ್ತಿರುವ ಕೆಲಸವನ್ನು ಕಣ್ಣು ಬೇರೆ ರೀತಿಯಲ್ಲಿ ನೋಡುತ್ತದೆ. ಹಾಗಾಗಿ ರೋಗಿ ಹಿಂದೆ ಏನು ಕೆಲಸ ಮಾಡುತ್ತಿದ್ದರು, ಯಾವುದನ್ನು ಕೈ ತಾನಾಗಿಯೇ ಮಾಡುತ್ತಿತ್ತು ಎಂದು ಕೇಂದ್ರದವರು ಸೇರಿಸಿಕೊಳ್ಳುವಾಗಲೇ ವಿಚಾರಿಸಿಕೊಳ್ಳಬೇಕು. ನಮ್ಮಲ್ಲಿ ಅರ್ಜಿಯಲ್ಲಿ ‘ಉದ್ಯೋಗ’ ಎಂಬ ಖಾನೆ ಇತ್ತು, ಅದನ್ನು ನಾನು ತುಂಬಿಯೂ ಇದ್ದೆ. ಆದರೆ ಆ ಕಾಗದ ಚಿಕಿತ್ಸೆಯ ಕೋಣೆಗೆ ಬಂದಿರಲಿಲ್ಲ.

ಎಲ್ಲಿ ಕಣ್ಣಿಡಬೇಕು ಎಂದು ಹೇಳಿಕೊಡುವುದರಲ್ಲಿ ಈ ಥೆರಪಿಸ್ಟ್ ತುಂಬಾ ನುರಿತವರು. ನಾವು ಒಂದು ವಸ್ತುವನ್ನು ಎತ್ತಿಕೊಳ್ಳಲು ಹೋಗುವಾಗ ಕೈ ಅದನ್ನು ಮುಟ್ಟುವ ಮುನ್ನವೇ ಬೆರಳುಗಳು ವಸ್ತುವಿನ ಗಾತ್ರಕ್ಕೆ ತಕ್ಕಂತೆ ತೆರೆದುಕೊಳ್ಳುತ್ತವೆ. ದಾರಿಯ ಅರ್ಧಕ್ಕಿಂತ ಹೆಚ್ಚು ಭಾಗ ಸಾಗಿದ ಮೇಲೆ ಅವು ಅತ್ಯಂತ ಅಗಲವಾಗಿ ತೆರೆದಿದ್ದು, ಆಮೇಲೆ ಮುಚ್ಚಿಕೊಳ್ಳುತ್ತಾ ಬರುತ್ತವೆ. ಪಾರ್ಶ್ವವಾಯುವಾದ ಕೈ ಸಾಮಾನ್ಯವಾಗಿ ಮುಷ್ಟಿಯಾಗಿಯೇ ವಸ್ತುವಿನವರೆಗೆ ಹೋಗಿ, ಅಲ್ಲಿ ಬೆರಳು ಬಿಡಿಸಲು ಹೆಣಗುತ್ತದೆ. ಸುಮ್ಮನೆ ನೋಡುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ, ಏಕೆಂದರೆ ಎಲ್ಲರ ಗಮನ ಲೋಟದ ಮೇಲಿರುತ್ತದೆ. ವೀಡಿಯೊವನ್ನು ಸರಿಯಾಗಿ ಆ ಕ್ಷಣದಲ್ಲಿ ನಿಲ್ಲಿಸಿ, ಬೆರಳುಗಳ ನಡುವಿನ ಜಾಗವನ್ನು ತೋರಿಸಿ, ಮತ್ತೆ ಓಡಿಸುವ ಅವರ ರೀತಿ ಬಹಳ ಪರಿಣಾಮಕಾರಿ.

ಆದರೆ ವೀಡಿಯೊಗಳ ಸಂಗ್ರಹವೇ ಈ ಸೇವೆಯ ದುರ್ಬಲ ಅಂಗ. ಬಹುಪಾಲು ದೃಶ್ಯಗಳನ್ನು ಎದುರಿನಿಂದ ಚಿತ್ರಿಸಲಾಗಿದೆ. ಎದುರಿಗಿರುವವರ ಬಲಗೈ ನೋಡುವವರ ಎಡಬದಿಗೆ ಬರುತ್ತದೆ. ಆರೋಗ್ಯವಂತರು ಇದನ್ನು ಮನಸ್ಸಿನಲ್ಲೇ ತಿರುಗಿಸಿಕೊಳ್ಳುತ್ತಾರೆ, ಪೆಟ್ಟು ತಿಂದ ಮೆದುಳಿಗೆ ಅದೇ ಒಂದು ಹೆಚ್ಚುವರಿ ಹೊರೆ. ನೋಡುವವರದೇ ಕೈ ಎಂಬಂತೆ ಭುಜದ ಹಿಂದಿನಿಂದ ಚಿತ್ರಿಸಿದ ದೃಶ್ಯಗಳು ಕೆಲವೇ ಇವೆ, ಅಕ್ಕ ಅವುಗಳನ್ನು ನೋಡಿ ಮಾಡಿದಾಗ ತಡವರಿಕೆ ಕಡಿಮೆಯಿತ್ತು. ಇನ್ನೂ ದೊಡ್ಡ ಕೊರತೆ ಎಡಗೈಯದು. ಎಡಭಾಗ ದುರ್ಬಲವಾದವರಿಗೆ ಬಲಗೈ ವೀಡಿಯೊವನ್ನೇ ತಿರುಗಿಸಿ ತೋರಿಸುತ್ತಾರೆ. ಗಡಿಯಾರದ ಅಂಕಿಗಳು, ಬಾಟಲಿಯ ಮೇಲಿನ ಅಕ್ಷರಗಳು ಎಲ್ಲವೂ ತಿರುಗುಮುರುಗಾಗಿ ಕಂಡು ನೋಡುವವರ ಗಮನ ಕದಡುತ್ತದೆ. ಮುಚ್ಚಳ ತಿರುಗಿಸುವಂಥ ಕೆಲಸವಂತೂ ಹೀಗೆ ತಿರುಗಿಸಿದರೆ ತಪ್ಪು ದಿಕ್ಕನ್ನೇ ಕಲಿಸುತ್ತದೆ. ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಬೇಕಾಗುವ ವೀಡಿಯೊಗಳನ್ನು ಹೀಗೆ ಉದಾಸೀನದಿಂದ ಒದಗಿಸುವುದು ಸರಿಯಲ್ಲ ಎಂದು ನಾನು ಲಿಖಿತವಾಗಿಯೇ ತಿಳಿಸಿದ್ದೇನೆ.

ಮೆದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಅನೇಕರಿಗೆ ಎಡಬದಿಯ ಜಗತ್ತಿನ ಕಡೆಗೆ ಗಮನವೇ ಹೋಗುವುದಿಲ್ಲ. ತಟ್ಟೆಯ ಎಡಭಾಗದ ಊಟ ಹಾಗೆಯೇ ಉಳಿಯುತ್ತದೆ, ಎಡಕ್ಕಿರುವ ಬಾಗಿಲಿಗೆ ಭುಜ ತಾಗುತ್ತದೆ. ಇಂಥವರಿಗೆ ಪರದೆಯನ್ನು ಎಲ್ಲಿಡಬೇಕು ಎಂಬುದೇ ಚಿಕಿತ್ಸೆಯ ಅರ್ಧ. ಅಕ್ಕನ ಪಕ್ಕದಲ್ಲಿ ಕೂರುತ್ತಿದ್ದ ಹಿರಿಯರೊಬ್ಬರಿಗೆ ಈ ತೊಂದರೆ ಇತ್ತು. ಕಿರಿಯ ಸಿಬ್ಬಂದಿ ಪರದೆಯನ್ನು ನಡುವೆ ಇಟ್ಟು ಹೋದ ದಿನ ಅವರಿಗೆ ದೃಶ್ಯದ ಬಲ ಅಂಚು ಮಾತ್ರ ಕಾಣಿಸಿದಂತಿತ್ತು. ಹಿರಿಯ ಥೆರಪಿಸ್ಟ್ ಬಂದು ಪರದೆಯನ್ನು ಬಲಕ್ಕೆ ಸರಿಸಿ, ಬೆರಳಿನಿಂದ ಅವರ ನೋಟವನ್ನು ನಿಧಾನವಾಗಿ ಎಡಕ್ಕೆ ಕರೆತಂದ ಮೇಲೆಯೇ ಅವರು ಕೈಯ ಚಲನೆಯನ್ನು ಪೂರ್ತಿಯಾಗಿ ಗಮನಿಸಿದರು. ಸೇವೆಯ ಗುಣಮಟ್ಟ ಯಾರು ಕೆಲಸದಲ್ಲಿದ್ದಾರೆ ಎಂಬುದನ್ನು ಇಷ್ಟೊಂದು ಅವಲಂಬಿಸಬಾರದು. ಜನ ಹೆಚ್ಚಿರುವ ದಿನಗಳಲ್ಲಿ ವೀಡಿಯೊ ತನ್ನ ಪಾಡಿಗೆ ಓಡುತ್ತಿರುತ್ತದೆ, ನೋಡಿದ ಮೇಲೆ ಮಾಡಿಸಲು ಯಾರೂ ಬರುವುದಿಲ್ಲ, ಅರ್ಧ ಗಂಟೆ ಕಳೆದು ಬಂದು “ಈಗ ಮಾಡೋಣ” ಎನ್ನುತ್ತಾರೆ. ಅಷ್ಟರಲ್ಲಿ ಕಂಡದ್ದರ ಬಿಸಿ ಆರಿರುತ್ತದೆ. ಅಂಥ ದಿನಗಳ ಅವಧಿಗೂ ಪೂರ್ತಿ ಶುಲ್ಕ ಪಡೆಯುವುದು ನ್ಯಾಯವಲ್ಲ.

ಕೇಂದ್ರದ ಪಟ್ಟಿಯಲ್ಲಿ ಎಲ್ಲಿಯೂ ನಮೂದಾಗದ, ಆದರೆ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಭಾಗವೆಂದರೆ ಇಬ್ಬರು ರೋಗಿಗಳನ್ನು ಎದುರುಬದುರಾಗಿ ಅಲ್ಲ, ಅಕ್ಕಪಕ್ಕದಲ್ಲಿ ಕೂರಿಸಿ ಸರದಿಯಂತೆ ಮಾಡಿಸುವುದು. ಒಬ್ಬರು ಮಾಡುವಾಗ ಇನ್ನೊಬ್ಬರು ನೋಡುತ್ತಾರೆ, ಥೆರಪಿಸ್ಟ್ ತಿದ್ದುವುದನ್ನೂ ಕೇಳಿಸಿಕೊಳ್ಳುತ್ತಾರೆ. ವೀಡಿಯೊದಲ್ಲಿರುವ ಕೈ ಎಂದೂ ತಪ್ಪುವುದಿಲ್ಲ. ಪಕ್ಕದವರ ಕೈ ತಪ್ಪುತ್ತದೆ, ತಿದ್ದಿಕೊಳ್ಳುತ್ತದೆ, ಮತ್ತೆ ಪ್ರಯತ್ನಿಸುತ್ತದೆ. ನುರಿತವರನ್ನು ನೋಡಿದಾಗ ಗುರಿ ಸ್ಪಷ್ಟವಾಗುತ್ತದೆ, ಕಲಿಯುತ್ತಿರುವವರನ್ನು ನೋಡಿದಾಗ ತಪ್ಪನ್ನು ಪತ್ತೆಹಚ್ಚುವ ಬಗೆ ತಿಳಿಯುತ್ತದೆ ಎಂಬುದು ಚಲನ ಕಲಿಕೆಯ ಅಧ್ಯಯನದಲ್ಲಿ ಬಹುಕಾಲದಿಂದ ಚರ್ಚೆಯಲ್ಲಿರುವ ವಿಚಾರ. ಅಕ್ಕ ತನ್ನ ಭುಜ ಕಿವಿಯ ಕಡೆಗೆ ಏರುತ್ತಿದೆ ಎಂಬುದನ್ನು ಗಮನಿಸತೊಡಗಿದ್ದು ಪಕ್ಕದ ಮಹಿಳೆಯ ಭುಜ ಹಾಗೆ ಏರುವುದನ್ನು ಕಂಡ ಮೇಲೆ. “ಭುಜ... ಕೆಳಗೆ” ಎಂದು ಅವಳೇ ಆಕೆಗೆ ಹೇಳಿದಳು, ಹೇಳುತ್ತಾ ತನ್ನದನ್ನೂ ಇಳಿಸಿದಳು. ಈ ಜೋಡಿ ಅಭ್ಯಾಸವನ್ನು ಕೇಂದ್ರ ಅನುಕೂಲಕ್ಕೆ ತಕ್ಕಂತೆ ನಡೆಸುವ ಬದಲು ಅಧಿಕೃತವಾಗಿ ವೇಳಾಪಟ್ಟಿಗೆ ಸೇರಿಸಬೇಕು.

ಅದೇ ಕೋಣೆಯಲ್ಲಿ ಕನ್ನಡಿ ಚಿಕಿತ್ಸೆಯೂ ಇದೆ. ದುರ್ಬಲ ಕೈಯನ್ನು ಕನ್ನಡಿಯ ಹಿಂದಿಟ್ಟು, ಗಟ್ಟಿಯಾದ ಕೈಯ ಪ್ರತಿಬಿಂಬವನ್ನು ನೋಡುತ್ತಾ ಎರಡನ್ನೂ ಆಡಿಸುವ ಕ್ರಮವದು. ಎರಡನ್ನೂ ಒಂದೇ ಎಂದು ಭಾವಿಸುವವರಿದ್ದಾರೆ. ಕನ್ನಡಿಯಲ್ಲಿ ಕಾಣುವುದು ತನ್ನದೇ ಕೈ, ವೀಕ್ಷಣೆಯಲ್ಲಿ ಬೇರೆಯವರದು. ಬೆರಳು ಒಂದಿಷ್ಟೂ ಅಲುಗದವರಿಗೆ ಇಲ್ಲಿ ಮೊದಲು ಕನ್ನಡಿಯನ್ನೇ ಕೊಡುತ್ತಾರೆ, ವಸ್ತುವನ್ನು ಹಿಡಿಯುವ ಪ್ರಯತ್ನ ಸಾಧ್ಯವಾದವರನ್ನು ವೀಕ್ಷಣೆಗೆ ತರುತ್ತಾರೆ. ನಡಿಗೆಗೂ ವೀಡಿಯೊಗಳಿವೆ. ಅವು ಬಹುತೇಕ ಮುಂದಿನಿಂದ ಚಿತ್ರಿಸಿದವು. ಹಿಮ್ಮಡಿ ನೆಲಕ್ಕೆ ತಾಗುವುದು, ಮಂಡಿ ಮಡಿಯುವುದು ಕಾಣಬೇಕಾದರೆ ಪಕ್ಕದಿಂದ ಚಿತ್ರಿಸಬೇಕಿತ್ತು. ಆ ಅವಧಿಗಳನ್ನು ನಾವು ಮುಂದುವರಿಸಲಿಲ್ಲ.

ಪ್ರಗತಿಯನ್ನು ಅಳೆಯುವ ವಿಷಯದಲ್ಲಿ ಕೇಂದ್ರದ ಶಿಸ್ತು ಮೆಚ್ಚುವಂಥದ್ದು. ಎರಡು ಭಾಗಗಳಿರುವ ಪೆಟ್ಟಿಗೆಯೊಂದರಲ್ಲಿ ಒಂದು ಬದಿಯಿಂದ ನಡುವಿನ ಅಡ್ಡಹಲಗೆಯನ್ನು ದಾಟಿಸಿ ಇನ್ನೊಂದು ಬದಿಗೆ ಸುಮಾರು 2.5 ಸೆಂಟಿಮೀಟರ್‌ನ ಮರದ ಘನಗಳನ್ನು ಒಂದೊಂದಾಗಿ ಸಾಗಿಸಬೇಕು. 60 ಸೆಕೆಂಡುಗಳಲ್ಲಿ ಎಷ್ಟು ಸಾಗಿದವು ಎಂದು ಎಣಿಸುತ್ತಾರೆ. ಇಟಲಿಯ ಅಧ್ಯಯನದಲ್ಲೂ ಇದೇ ಪರೀಕ್ಷೆಯನ್ನು ಬಳಸಿದ್ದರು. ಅಕ್ಕನ ಎಣಿಕೆ ನಿಧಾನವಾಗಿ ಏರಿದೆ. ವಾಡಿಕೆಯ ವ್ಯಾಯಾಮವೂ ಜೊತೆಗೇ ನಡೆದಿರುವುದರಿಂದ, ಕಾಯಿಲೆಯ ನಂತರದ ತಿಂಗಳುಗಳಲ್ಲಿ ಮೆದುಳು ತಾನಾಗಿಯೂ ಒಂದಿಷ್ಟು ಚೇತರಿಸಿಕೊಳ್ಳುವುದರಿಂದ, ಏರಿಕೆಯ ಶ್ರೇಯಸ್ಸನ್ನೆಲ್ಲ ವೀಕ್ಷಣೆಗೆ ಕೊಡಲಾಗದು. ಸಂಖ್ಯೆಯಲ್ಲಿ ಕಾಣದ ಒಂದು ಬದಲಾವಣೆಯನ್ನು ಮಾತ್ರ ನಾನು ಇದಕ್ಕೇ ಸಲ್ಲಿಸುತ್ತೇನೆ: ಬಲಗೈಯನ್ನು ಮರೆತೇಬಿಟ್ಟಂತೆ ಎಲ್ಲವನ್ನೂ ಎಡಗೈಯಿಂದ ಮಾಡಿಕೊಳ್ಳುತ್ತಿದ್ದವಳು ಈಗ ಬಟ್ಟೆ ಕಂಡರೆ ಮೊದಲು ಬಲಗೈ ಚಾಚುತ್ತಾಳೆ.

ಮನೆಯಲ್ಲಿ ಅಭ್ಯಾಸ ಮಾಡಲು ಕೇಂದ್ರ ಕೊಡುವ ವೀಡಿಯೊಗಳು ಒಂದರ ಹಿಂದೆ ಒಂದು ನಿಲ್ಲದೆ ಬರುವಂತೆ ಜೋಡಿಸಿರುವುದರಿಂದ ನೋಡಿದ್ದನ್ನು ಮಾಡಲು ಬಿಡುವೇ ಸಿಗುವುದಿಲ್ಲ. ಅವುಗಳನ್ನು ಬದಿಗಿಟ್ಟು, ಥೆರಪಿಸ್ಟ್ ಸಲಹೆಯಂತೆ ನಾವೇ ಮೊಬೈಲಿನಲ್ಲಿ ಚಿತ್ರಿಸಿಕೊಂಡಿದ್ದೇವೆ. ಇದನ್ನು ಮಾಡಬಯಸುವವರಿಗೆ ಕೆಲವು ಸೂಚನೆಗಳು: ಕೆಲಸ ಮಾಡುವವರ ಭುಜದ ಹಿಂದೆ, ಸ್ವಲ್ಪ ಮೇಲಿನಿಂದ, ಕೈ ಮತ್ತು ವಸ್ತು ಎರಡೂ ಚೌಕಟ್ಟಿನೊಳಗೆ ಇರುವಂತೆ ಮೊಬೈಲನ್ನು ಸ್ಥಿರವಾಗಿಡಬೇಕು, ರೋಗಿಯ ಯಾವ ಕೈ ದುರ್ಬಲವೋ ಅದೇ ಕೈಯಿಂದ ಕೆಲಸ ಮಾಡಬೇಕು, ರೋಗಿ ಆಮೇಲೆ ಬಳಸಲಿರುವ ವಸ್ತುವನ್ನೇ, ಅದೇ ಮೇಜಿನ ಮೇಲೆ ಇಟ್ಟುಕೊಳ್ಳಬೇಕು, ಮೇಜಿನ ಮೇಲೆ ಬೇರೇನೂ ಇರಬಾರದು. ಮಾಡುವ ವೇಗ ಸಹಜಕ್ಕಿಂತ ತುಸು ನಿಧಾನವಿದ್ದರೆ ಸಾಕು, ತೀರಾ ನಿಧಾನವಾದರೆ ಬೆರಳುಗಳು ತೆರೆದು ಮುಚ್ಚುವ ಲಯವೇ ಕೆಡುತ್ತದೆ. ಒಂದು ವೀಡಿಯೊದಲ್ಲಿ ಒಂದೇ ಹಂತ ಇರಲಿ, ಅದು ಮುಗಿದೊಡನೆ ಪರದೆ ನಿಲ್ಲಲಿ. ಚಿತ್ರಿಸಿದ್ದನ್ನು ಬಳಸುವ ಮುನ್ನ ಥೆರಪಿಸ್ಟ್‌ಗೆ ಒಮ್ಮೆ ತೋರಿಸಿ. ನಮ್ಮ ವೀಡಿಯೊದಲ್ಲಿ ಮಣಿಕಟ್ಟು ಕೆಳಕ್ಕೆ ಬಾಗಿರುವುದನ್ನು ಅವರು ಹಿಡಿದು ಹೇಳಿದ್ದರಿಂದ ಅದನ್ನು ಮತ್ತೆ ಚಿತ್ರಿಸಿದೆವು.